ಐದು ಮೀನು, ಎಂಟು ಗಂಟೆ: ಬ್ಯಾಸ್ ಟೂರ್ನಿಗೆ ಹಿಂದಿನ ಸೀಟಿನಿಂದ ಇಳಿಯುವುದು ಹೇಗೆ?

ಬ್ಯಾಸ್ ಮೀನು ಹಿಡಿಯುವ ನನ್ನ ಮೊದಲ ಟೂರ್ನಿಯ ದಿನ, ಬೆಳಗಿನ ಜಾವ ಐದೂವರೆ. ಟೆಕ್ಸಾಸ್‌ನ ರೇ ರಾಬರ್ಟ್ಸ್ ಕೆರೆಯ ದಡದಲ್ಲಿ ನಿಂತು ಬ್ಯಾಗಿನಿಂದ ಎರಡು ಬಾಳೆಹಣ್ಣು ತೆಗೆದೆ. ಒಂದನ್ನು ದೋಣಿಯ ಯಜಮಾನರಿಗೆ ಕೊಡಲು ಹೋದೆ. ಅವರ ಮುಖ ಸಪ್ಪಗಾಯಿತು. ಇಲ್ಲಿನ ಮೀನು ಹಿಡಿಯುವವರಿಗೆ ದೋಣಿಯಲ್ಲಿ ಬಾಳೆಹಣ್ಣು ಅಂದರೆ, ನಾವು ಹೊರಟಾಗ ಬೆಕ್ಕು ಅಡ್ಡ ಬಂದ ಹಾಗೆ. ಬಾಳೆಹಣ್ಣಿಲ್ಲದೆ ಪೂಜೆಯೇ ಆಗದ ಊರಿನವನಿಗೆ ಇದು ಹೇಗೆ ಗೊತ್ತಿರಬೇಕು? ಎರಡನ್ನೂ ಕಾರಿನಲ್ಲಿಟ್ಟು ಬಂದು ದೋಣಿ ಹತ್ತಿದೆ.

ಶಿವಮೊಗ್ಗದ ಸಾಗರದ ಕಡೆ ಕೆರೆಬೇಟೆ ನೋಡುತ್ತಾ ಬೆಳೆದವನು ನಾನು. ಒಂದು ಸನ್ನೆ ಆದದ್ದೇ ತಡ, ನೂರಾರು ಜನ ಬಿದಿರಿನ ಬುಟ್ಟಿಯಂಥ ಕೂಣಿ ಹಿಡಿದು ಕೆರೆಗೆ ನುಗ್ಗುತ್ತಾರೆ. ಸಿಕ್ಕಿದ್ದು ಸಾರಿಗೆ. ಅಮೆರಿಕದ ಬ್ಯಾಸ್ ಟೂರ್ನಿಯಲ್ಲೂ ನುಗ್ಗುವುದಿದೆ, ಆದರೆ ಸಾರು ಇಲ್ಲ. ಹಿಡಿದ ಮೀನನ್ನು ದಿನವಿಡೀ ಬದುಕಿಸಿ, ತೂಗಿಸಿ, ಮತ್ತೆ ನೀರಿಗೇ ಬಿಡಬೇಕು. ಇಲ್ಲಿರುವ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ, "ಇದಕ್ಕೆ ಸೇರುವುದು ಹೇಗೆ? ಮೊದಲು ದೋಣಿ ತಗೋಬೇಕಾ?" ಬೇಡ. ದಯವಿಟ್ಟು ಮೊದಲು ದೋಣಿ ತಗೋಬೇಡಿ.

ಮೊದಲು ಮೀನಿನ ಪರಿಚಯ

ಹೆಸರನ್ನು 'ಬ್ಯಾಸ್' ಎನ್ನಬೇಕು. 'ಬಾಸ್' ಅಂದರೆ ಆಫೀಸಿನಲ್ಲಿ ರಜೆ ಕೊಡದವರು. ಟೂರ್ನಿಗಳಲ್ಲಿ ಹಿಡಿಯುವುದು ಮುಖ್ಯವಾಗಿ ಲಾರ್ಜ್‌ಮೌತ್, ಸ್ಮಾಲ್‌ಮೌತ್ ಮತ್ತು ಸ್ಪಾಟೆಡ್ ಬ್ಯಾಸ್. ಟೆಕ್ಸಾಸ್‌ನಲ್ಲಿ ದೊಡ್ಡ ಬಾಯಿಯ ಲಾರ್ಜ್‌ಮೌತ್‌ನದೇ ರಾಜ್ಯ. ಬಾಯಿ ತೆರೆದರೆ ನಿಮ್ಮ ಮುಷ್ಟಿ ಹಿಡಿಸುತ್ತದೆ. 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸ್, ಅಂದರೆ ಸುಮಾರು 10 ಕೆ.ಜಿ. ಮೀನು ಇಂದಿಗೂ ವಿಶ್ವದಾಖಲೆ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನು ಸರಿಗಟ್ಟಿದರು. ನಿಮಗೆ, ನನಗೆ ಸಿಗುವುದು ಒಂದೂವರೆ, ಎರಡು ಪೌಂಡಿನದು. ಅಷ್ಟಕ್ಕೇ ಕೈ ನಡುಗುತ್ತದೆ.

ಟೆಕ್ಸಾಸ್‌ನಲ್ಲಿ ಕೆರೆ ಎನ್ನುವುದೆಲ್ಲ ಹೆಚ್ಚುಕಡಿಮೆ ಅಣೆಕಟ್ಟಿನ ಹಿನ್ನೀರು. ಲಿಂಗನಮಕ್ಕಿಯ ಹಿನ್ನೀರು ನೆನಪಿಸಿಕೊಳ್ಳಿ. ಮುಳುಗಿದ ಮರದ ಬೊಡ್ಡೆ, ಹಳೆಯ ರಸ್ತೆ, ಹಳ್ಳದ ಪಾತ್ರ ಎಲ್ಲ ನೀರಿನಡಿ ಇದೆ. ಬ್ಯಾಸ್ ಹೊಂಚು ಹಾಕಿ ತಿನ್ನುವ ಮೀನು. ಹಾಗಾಗಿ ಬಯಲು ನೀರಿನಲ್ಲಿ ಹುಡುಕಬೇಡಿ. ಮರೆ ಇರುವ ಕಡೆ ಹುಡುಕಿ.

ಪರವಾನಗಿ, ಅಳತೆ

ಟೆಕ್ಸಾಸ್‌ನಲ್ಲಿ ಆರು ತಿಂಗಳು ನೆಲೆಸಿದವರಿಗೆ ಸಿಹಿನೀರಿನ ಪರವಾನಗಿ ವರ್ಷಕ್ಕೆ ಸುಮಾರು 30 ಡಾಲರ್. ಅದರ ವರ್ಷ ಸೆಪ್ಟೆಂಬರ್ 1ಕ್ಕೆ ಶುರುವಾಗಿ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಜುಲೈನಲ್ಲಿ ಕೊಂಡು ಒಂದು ವರ್ಷ ಇದೆ ಅಂದುಕೊಂಡವರು ಬೇಕಾದಷ್ಟು ಜನ. ಸುಮ್ನೆ ಕೈ ಪಳಗಿಸುವುದಾದರೆ ಸ್ಟೇಟ್ ಪಾರ್ಕಿನ ದಡದಿಂದ ಗಾಳ ಹಾಕಿ, ಅಲ್ಲಿ ಪರವಾನಗಿ ಬೇಕಿಲ್ಲ.

ಲಾರ್ಜ್‌ಮೌತ್‌ಗೆ ರಾಜ್ಯದ ಸಾಮಾನ್ಯ ಮಿತಿ ಕನಿಷ್ಠ 14 ಇಂಚು, ದಿನಕ್ಕೆ ಐದು ಮೀನು. ಆದರೆ ಕೆಲವು ಕೆರೆಗಳಿಗೆ ಬೇರೆ ಲೆಕ್ಕ. ಹೆಸರಾಂತ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನದನ್ನು ಕೂಡಲೇ ಬಿಡಬೇಕು. 24 ದಾಟಿದ್ದು ಒಂದನ್ನು ಮಾತ್ರ ಇಟ್ಟುಕೊಳ್ಳಬಹುದು. ಮೊಟ್ಟೆಯಿಡುವ ವಯಸ್ಸಿನ ದೊಡ್ಡ ಮೀನು ಉಳಿಯಲಿ ಎಂದು ಈ ಕಟ್ಟಲೆ. ರಾಜ್ಯದ ದಾಖಲೆಯಾದ 18.18 ಪೌಂಡಿನ ಮೀನು 1992ರಲ್ಲಿ ಅಲ್ಲೇ ಸಿಕ್ಕಿದ್ದು.

ಅಳೆಯುವುದರ ಬಗ್ಗೆ ನನ್ನ ಕಥೆ ಕೇಳಿ. ಮೊದಲ ಟೂರ್ನಿಯ ಮೊದಲ ಮೀನನ್ನು ಟೈಲರ್ ಟೇಪಿನಲ್ಲಿ ಅಳೆದೆ. ಸರಿಯಾಗಿ 14 ಬಂತು. ಕುಣಿದೆ. ನಮ್ಮ ದೋಣಿಯವರು ಅದನ್ನು ಚಪ್ಪಟೆ ಹಲಗೆಯ ಮೇಲೆ ಮಲಗಿಸಿದರು. ಹದಿಮೂರೂ ಮುಕ್ಕಾಲು. ಟೇಪು ಮೀನಿನ ಹೊಟ್ಟೆಯ ಉಬ್ಬಿನ ಮೇಲೆ ಹಾದು ಕಾಲು ಇಂಚು ಸುಳ್ಳು ಹೇಳಿತ್ತು. ಅದನ್ನು ತಕ್ಕಡಿಗೆ ಒಯ್ದಿದ್ದರೆ ಮೀನೂ ಹೋಗುತ್ತಿತ್ತು, ದಂಡವೂ ಬೀಳುತ್ತಿತ್ತು. ಕೊನೆಯಲ್ಲಿ ನಿಲುಗಡೆ ಇರುವ ಅಳತೆ ಹಲಗೆ ಕೊಳ್ಳಿ. ಮೀನಿನ ಬಾಯಿ ಮುಚ್ಚಿ ನಿಲುಗಡೆಗೆ ತಾಗಿಸಿ, ಬಾಲವನ್ನು ಒತ್ತಿ ಕೂಡಿಸಿ ಅಳೆಯಿರಿ.

ಕ್ಲಬ್ ಹುಡುಕಿ, ಹಿಂದಿನ ಸೀಟು ಕೇಳಿ

ಈ ಟೂರ್ನಿಗಳಿಗೆ ಈಗಿನ ರೂಪ ಕೊಟ್ಟವರು ಅಲಬಾಮಾದ ವಿಮಾ ಏಜೆಂಟ್ ರೇ ಸ್ಕಾಟ್. 1967ರಲ್ಲಿ ಆರ್ಕನ್ಸಾದ ಬೀವರ್ ಲೇಕ್‌ನಲ್ಲಿ ತಲಾ 100 ಡಾಲರ್ ಪಡೆದು 106 ಜನರನ್ನು ಸೇರಿಸಿದರು. ಮುಂದಿನ ವರ್ಷ ಇಂಥ ಟೂರ್ನಿಗಳನ್ನು ನಡೆಸುವ ಬಿ.ಎ.ಎಸ್.ಎಸ್. ಸಂಸ್ಥೆ ಹುಟ್ಟಿತು. ಹಿಡಿದದ್ದನ್ನು ಜೀವಂತ ಬಿಡುವ ರೂಢಿ 1972ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಸತ್ತ ಮೀನಿನ ಮಾಲೆ ಹಿಡಿದು ಫೋಟೊ ತೆಗೆಸಿಕೊಳ್ಳುವುದೇ ಹೆಮ್ಮೆ.

ಇವತ್ತು ಹವ್ಯಾಸಿಗೆ ಹಲವು ಬಾಗಿಲುಗಳಿವೆ. ಊರಿನ ಕ್ಲಬ್‌ಗಳು ತಿಂಗಳಿಗೊಂದು ಟೂರ್ನಿ ನಡೆಸುತ್ತವೆ. ಆ ಸಂಸ್ಥೆಯ ಕ್ಲಬ್‌ಗಳ ಒಕ್ಕೂಟವಾದ ಬಿ.ಎ.ಎಸ್.ಎಸ್. ನೇಷನ್‌ಗೆ ಸೇರಿದ ಕ್ಲಬ್ ಆದರೆ ಅಲ್ಲಿಂದ ರಾಜ್ಯಮಟ್ಟ, ಮುಂದೆ ರಾಷ್ಟ್ರಮಟ್ಟಕ್ಕೂ ಏಣಿ ಇದೆ. ಇಬ್ಬರ ಜೋಡಿ ಟೂರ್ನಿಗಳಿವೆ. ವಾರದ ನಡುವೆ ಸಂಜೆ ಮೂರ್ನಾಲ್ಕು ಗಂಟೆಯ ಪುಟ್ಟ ಸ್ಪರ್ಧೆಗಳೂ ಇವೆ. ನನ್ನ ಮಾತು ಕೇಳುವುದಾದರೆ ಕ್ಲಬ್‌ನಿಂದ ಶುರು ಮಾಡಿ. ಮೀನು ಹಿಡಿಯುವ ಅಂಗಡಿಯ ನೋಟಿಸ್ ಬೋರ್ಡಿನಲ್ಲಿ ವಿಳಾಸ ಸಿಗುತ್ತದೆ.

ಹಲವು ಟೂರ್ನಿಗಳಲ್ಲಿ ಎರಡು ವಿಭಾಗ ಇರುತ್ತದೆ. ದೋಣಿ ತಂದವರು ಬೋಟರ್. ದೋಣಿ ಇಲ್ಲದೆ ಹಿಂದೆ ಕೂರುವವರು ಕೋ-ಆಂಗ್ಲರ್. ಯಾರು ಯಾರ ಜೊತೆ ಎನ್ನುವುದು ಚೀಟಿ ಎತ್ತಿದ ಹಾಗೆ ನಿಗದಿಯಾಗುತ್ತದೆ. ಬೋಟರ್ ಬೋಟರ್‌ಗಳ ಜೊತೆ ಸ್ಪರ್ಧಿಸುತ್ತಾರೆ, ನೀವು ಇತರ ಕೋ-ಆಂಗ್ಲರ್‌ಗಳ ಜೊತೆ. ನಿಮ್ಮ ಶುಲ್ಕವೂ ಕಡಿಮೆ. ಹೊಸ ಬ್ಯಾಸ್ ದೋಣಿಗೆ ಹತ್ತಾರು ಸಾವಿರ ಡಾಲರ್ ಬೇಕು. ಅದರ ವಿಮೆ, ಅದನ್ನು ಎಳೆಯುವ ಟ್ರಕ್ ಬೇರೆ. ಹಿಂದಿನ ಸೀಟಿನಲ್ಲಿ ಇದೆಲ್ಲ ಇನ್ನೊಬ್ಬರ ತಲೆನೋವು. ಜೊತೆಗೆ, ಇಪ್ಪತ್ತು ವರ್ಷ ಈ ನೀರಿನಲ್ಲಿ ಓಡಾಡಿದವರು ಎಂಟು ಗಂಟೆ ನಿಮ್ಮ ಕಣ್ಣೆದುರೇ ಮೀನು ಹುಡುಕುತ್ತಾರೆ. ಆ ಪಾಠಕ್ಕೆ ಬೇರೆ ಕಡೆ ಎಷ್ಟು ದುಡ್ಡು ಕೊಟ್ಟರೂ ಸಿಗಲ್ಲ.

ಕಷ್ಟವೂ ಇದೆ. ದೋಣಿ ಎಲ್ಲಿಗೆ ಹೋಗಬೇಕು, ಯಾವ ಕಡೆ ಮುಖ ಮಾಡಬೇಕು ಎಲ್ಲ ಮುಂದಿನವರ ಮಾತು. ಒಳ್ಳೆಯ ಜಾಗಕ್ಕೆ ಅವರ ಗಾಳವೇ ಮೊದಲು ಬೀಳುತ್ತದೆ. ನಿಮಗೆ ಸಿಗುವುದು ಎಂಜಲು ನೀರು. ಇದಕ್ಕೆ ಒಂದು ಉಪಾಯ ಹೇಳುತ್ತೇನೆ. ಅವರು ಮಾಡುವುದನ್ನು ಮಾಡಬೇಡಿ. ಅವರು ಬೇಗ ಬೇಗ ಎಳೆಯುವ ಕ್ರ್ಯಾಂಕ್‌ಬೇಟ್ ಎಂಬ ಹುಸಿ ಮೀನು ಎಸೆಯುತ್ತಿದ್ದರೆ ನೀವು ನಿಧಾನಕ್ಕೆ ತಳ ಮುಟ್ಟುವ ಪ್ಲಾಸ್ಟಿಕ್ ಹುಳು ಬಿಡಿ. ಅವರು ದಡಕ್ಕೆ ಎಸೆದರೆ ನೀವು ಆಳದ ಕಡೆಗೆ ಎಸೆಯಿರಿ. ಅವರ ಗಾಳ ನೋಡಿಯೂ ಸುಮ್ಮನಿದ್ದ ಮೀನು ನಿಮ್ಮದನ್ನು ಕಚ್ಚುವುದುಂಟು.

ಹಿಂದಿನ ಸೀಟಿಗೆ ಮರ್ಯಾದೆಯೂ ಇದೆ. ದೋಣಿಯ ಮುಂದಿನ ಭಾಗಕ್ಕೆ ಎಸೆಯಬಾರದು. ಹಿಂದಿನ ಸಂಜೆಯೇ ಫೋನ್ ಮಾಡಿ ಎಷ್ಟು ಸಾಮಾನು ತರಬಹುದು ಎಂದು ಕೇಳಿ. ಎಣ್ಣೆ ಖರ್ಚಿಗೆ ಪಾಲನ್ನು ಕೇಳುವ ಮೊದಲೇ ಕೊಡಿ.

ಏನು ಒಯ್ಯಬೇಕು?

ನಾಲ್ಕು ರಾಡು, ಅಂದರೆ ಗಾಳದ ಕೋಲು ಸಾಕು. ಎರಡು ಬೇಟ್‌ಕಾಸ್ಟಿಂಗ್ ರೀಲಿನವು (ಎಸೆದಾಗ ದಾರದ ಉರುಳೆಯೇ ತಿರುಗುತ್ತದೆ), ಎರಡು ಸ್ಪಿನ್ನಿಂಗ್ ರೀಲಿನವು (ಉರುಳೆ ನಿಂತೇ ಇರುತ್ತದೆ). ಬೇಟ್‌ಕಾಸ್ಟರ್ ಶುರುವಿನಲ್ಲಿ ದಾರವನ್ನು ಹಕ್ಕಿಗೂಡು ಮಾಡಿ ಅಳಿಸುತ್ತದೆ. ಒಂದು ತಿಂಗಳು ಮನೆಯ ಹಿತ್ತಲಿನಲ್ಲಿ ಬಕೆಟ್‌ಗೆ ಗುರಿಯಿಟ್ಟು ಎಸೆದು ಕಲಿಯಿರಿ. ಪಕ್ಕದ ಮನೆಯವರು ನೋಡಿ ನಕ್ಕರೆ ನಗಲಿ. ಬ್ಯಾಸ್ ಟೂರ್ನಿಗಳಲ್ಲಿ ಎರೆಹುಳು, ಜೀವಂತ ಮೀನು ಸಾಮಾನ್ಯವಾಗಿ ನಿಷಿದ್ಧ. ಎಲ್ಲವೂ ಹುಸಿ ಎರೆ. ಟೆಕ್ಸಾಸ್ ರಿಗ್‌ಗೆ (ಕೊಕ್ಕೆಯ ಮೊನೆಯನ್ನು ಹುಳುವಿನೊಳಗೆ ಅಡಗಿಸುವ ಕಟ್ಟು) ಪ್ಲಾಸ್ಟಿಕ್ ಹುಳು, ಒಂದೆರಡು ಜಿಗ್ (ತೂಕದ ತಲೆಯ ಕೊಕ್ಕೆ), ಒಂದು ಸ್ಪಿನ್ನರ್‌ಬೇಟ್ (ತಗಡಿನ ರೆಕ್ಕೆ ತಿರುಗುವ ಎರೆ), ಬೆಳಗ್ಗೆಗೆ ನೀರಿನ ಮೇಲೆ ಈಜುವ ಒಂದು ಕಪ್ಪೆ. ಇಷ್ಟಿದ್ದರೆ ಹೆಚ್ಚಿನ ದಿನಗಳನ್ನು ದಾಟಿಸಬಹುದು. ಅಂಗಡಿಯಲ್ಲಿ ಮಿರಿಮಿರಿ ಮಿಂಚುವ ಉಳಿದವು ಹಿಡಿಯುವುದು ಮನುಷ್ಯರನ್ನು.

ಲೈಫ್ ಜಾಕೆಟ್ ನಿಮ್ಮದೇ ಇರಲಿ, ಅಳತೆಗೆ ಸರಿಯಾಗಿರಲಿ. ದೊಡ್ಡ ಎಂಜಿನ್ ಓಡುತ್ತಿರುವಷ್ಟು ಹೊತ್ತು ಅದು ಮೈಮೇಲಿರಬೇಕು. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ನೀರು ಸಿಮೆಂಟಿನಷ್ಟೇ ಗಟ್ಟಿ. ಊಟಕ್ಕೆ ನಾನು ಚಿತ್ರಾನ್ನ ಒಯ್ಯುತ್ತೇನೆ, ಅದರ ಬಗ್ಗೆ ಯಾರಿಗೂ ಮೂಢನಂಬಿಕೆ ಇಲ್ಲ.

ಅಭ್ಯಾಸದ ದಿನ

ನಿಯಮಪತ್ರವನ್ನು ಎರಡು ಸಲ ಓದಿ. ಅಭ್ಯಾಸ ಯಾವಾಗ ನಿಲ್ಲಿಸಬೇಕು, ಬೇರೆಯವರಿಂದ ಜಾಗದ ಮಾಹಿತಿ ಕೇಳಬಹುದೇ, ಮೀನನ್ನು ದೋಣಿಗೆ ಎತ್ತಲು ಬಲೆ ಬಳಸಬಹುದೇ, ಮುಂದಿನ ನೀರನ್ನು ಪರದೆಯಲ್ಲಿ ತೋರಿಸುವ ಸೋನಾರ್ ನಡೆಯುತ್ತದೆಯೇ ಎನ್ನುವುದು ಒಂದೊಂದು ಕಡೆ ಒಂದೊಂದು ಥರ.

ಅಭ್ಯಾಸದಲ್ಲಿ ಮೀನು ಹಿಡಿಯುವುದೇ ತಪ್ಪು ಅನ್ನುವವರಿದ್ದಾರೆ. ಕಚ್ಚಿದ್ದು ಕೈಗೆ ಗೊತ್ತಾದರೆ ಸಾಕು, ದಾರ ಸಡಿಲಿಸಿ ಬಿಡಿಸಿಕೊಳ್ಳುತ್ತಾರೆ. ಇವತ್ತು ಚುಚ್ಚಿಸಿಕೊಂಡ ಮೀನು ನಾಳೆ ಬಾಯಿ ತೆರೆಯುವುದು ಕಷ್ಟ. ನೀರಿನ ಬಿಸಿ ನೋಡಿಕೊಳ್ಳಿ. ವಸಂತದಲ್ಲಿ ನೀರು ಸುಮಾರು 60 ಡಿಗ್ರಿ ಫ್ಯಾರನ್‌ಹೀಟ್ ದಾಟುವಾಗ ಬ್ಯಾಸ್ ಮೊಟ್ಟೆಯಿಡಲು ದಡದ ತೆಳುನೀರಿಗೆ ಬರುತ್ತದೆ. ಗಂಡು ಗೂಡು ಮಾಡಿ ಕಾಯುತ್ತದೆ. ಬೇಸಿಗೆಯಲ್ಲಿ ಬೆಳಗ್ಗೆ ಒಂದೆರಡು ಗಂಟೆ ಮೇಲೆ ಸುಳಿದಾಡಿ ಆಮೇಲೆ ಆಳಕ್ಕೆ ಇಳಿಯುತ್ತದೆ.

ಟೂರ್ನಿಯ ದಿನ

ಹೊರಡುವ ಮುನ್ನ ಪ್ರತಿ ದೋಣಿಯಲ್ಲಿ ಮೀನನ್ನು ಜೀವಂತ ಇಡುವ ತೊಟ್ಟಿ ಖಾಲಿ ಇದೆಯೇ ಎಂದು ನೋಡುತ್ತಾರೆ. ನಂಬರ್ ಕೂಗಿದ ಹಾಗೆ ದೋಣಿಗಳು ಒಂದೊಂದಾಗಿ ಹಾರುತ್ತವೆ. ವಾಪಸಾಗುವ ಸಮಯ ನಿಮ್ಮ ನಂಬರಿನ ಗುಂಪಿನ ಮೇಲೆ ಇರುತ್ತದೆ, ಬರೆದುಕೊಳ್ಳಿ. ತಡವಾದರೆ ನಿಮಿಷಕ್ಕೆ ಒಂದು ಪೌಂಡ್ ದಂಡ ಹಾಕುವುದು ಹಲವು ಕಡೆ ಇದೆ. ಹದಿನೈದು ನಿಮಿಷ ದಾಟಿದರೆ ಇಡೀ ದಿನ ನೀರಿಗೆ. ಗಾಳಿ ಎದ್ದರೆ ಬೆಳಗ್ಗೆ ಇಪ್ಪತ್ತು ನಿಮಿಷದಲ್ಲಿ ಬಂದ ದಾರಿಗೆ ಸಂಜೆ ಐವತ್ತು ನಿಮಿಷ ಹಿಡಿಯುತ್ತದೆ.

ಲೆಕ್ಕಕ್ಕೆ ಬರುವುದು ಐದೇ ಮೀನಿನ ಒಟ್ಟು ತೂಕ, ಕೆಲವು ಕಡೆ ಹಿಂದಿನವರಿಗೆ ಮೂರೇ. ಹಾಗಾಗಿ ಆರನೆಯದು ಸಿಕ್ಕಾಗ ಇರುವುದರಲ್ಲಿ ಸಣ್ಣದನ್ನು ಬಿಟ್ಟು ದೊಡ್ಡದನ್ನು ಇಟ್ಟುಕೊಳ್ಳಬೇಕು. ಇದಕ್ಕೆ ಕಲ್ಲಿಂಗ್ ಅನ್ನುತ್ತಾರೆ. ಕೆಲವು ರಾಜ್ಯಗಳಲ್ಲಿ ಇದಕ್ಕೆ ನಿರ್ಬಂಧ ಇದೆ, ಟೆಕ್ಸಾಸ್‌ನಲ್ಲಿ ಜೀವಂತ ಮೀನಿಗೆ ಅಡ್ಡಿಯಿಲ್ಲ. ಬಣ್ಣಬಣ್ಣದ ಕ್ಲಿಪ್ ಹಾಕಿ ತೂಕ ಬರೆದಿಡಿ. ಕೆಂಪು ಕ್ಲಿಪ್ಪಿನದು ಸಣ್ಣದು ಅಂತ ಗೊತ್ತಿದ್ದರೆ ತೊಟ್ಟಿಯಲ್ಲಿ ಎಲ್ಲವನ್ನೂ ತಡಕಾಡಿ ಗಾಬರಿಪಡಿಸಬೇಕಿಲ್ಲ.

ನನ್ನ ಮಟ್ಟಿಗೆ ಟೂರ್ನಿ ಗೆಲ್ಲುವುದು, ಸೋಲುವುದು ಈ ತೊಟ್ಟಿಯಲ್ಲೇ. ಸತ್ತ ಮೀನಿಗೆ ತೂಕ ಕಳೆಯುತ್ತಾರೆ, ಒಂದಕ್ಕೆ ಕಾಲು ಪೌಂಡೋ ಅರ್ಧ ಪೌಂಡೋ. ಎಷ್ಟೋ ಸಲ ಮೊದಲ ಮತ್ತು ಐದನೆಯ ಸ್ಥಾನದ ನಡುವೆ ಅಷ್ಟೇ ಅಂತರ ಇರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಅದೇ ಹೊತ್ತಿಗೆ ಮೀನಿಗೆ ಜಾಸ್ತಿ ಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಪಂಪನ್ನು ಒಂದು ಕ್ಷಣವೂ ನಿಲ್ಲಿಸಬೇಡಿ. ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಹಾಗೇ ತೊಟ್ಟಿಗೆ ಹಾಕಿ. ಬಿಡಿ ಐಸ್ ಸುರಿದರೆ ನಲ್ಲಿನೀರಿನ ಕ್ಲೋರಿನ್ ಸೇರುತ್ತದೆ. ಒಮ್ಮೆಲೇ ತಂಪು ಮಾಡಬೇಡಿ, ಕೆರೆಯ ನೀರಿಗಿಂತ ಐದಾರು ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸಾಕು. ಮೀನು ಮುಟ್ಟುವ ಮುನ್ನ ಕೈ ಒದ್ದೆ ಮಾಡಿ. ಅದರ ಮೈಮೇಲಿನ ಲೋಳೆಯೇ ಅದಕ್ಕೆ ಔಷಧ, ಒಣಗಿದ ಕೈ ಅದನ್ನು ಕಿತ್ತುಬಿಡುತ್ತದೆ. ದೊಡ್ಡದನ್ನು ದವಡೆ ಹಿಡಿದು ಅಡ್ಡಡ್ಡ ಎತ್ತಬೇಡಿ, ಇನ್ನೊಂದು ಕೈ ಹೊಟ್ಟೆಯ ಅಡಿಗೆ ಕೊಡಿ. ಆಳದಿಂದ ಎಳೆದ ಮೀನಿನ ಗಾಳಿಚೀಲ ಉಬ್ಬಿ ಅದು ಮಗುಚಿ ತೇಲುವುದುಂಟು. ಸೂಜಿಯಿಂದ ಆ ಗಾಳಿ ತೆಗೆಯುವ ವಿದ್ಯೆ ಇದೆ. ಅದನ್ನು ಗೊತ್ತಿರುವವರ ಕೈಯಲ್ಲಿ ನೋಡಿ ಕಲಿಯಿರಿ, ವಿಡಿಯೊ ನೋಡಿ ಅಲ್ಲ.

ಇದನ್ನೆಲ್ಲ ಫೋನಿನಲ್ಲಿ ಕೇಳಿದ ಅಮ್ಮ ಅಂದದ್ದು, "ನಿನ್ನ ಮಗನಿಗೂ ಇಷ್ಟು ಉಪಚಾರ ಮಾಡಿಲ್ವಲ್ಲೋ."

ತಕ್ಕಡಿಯ ಮುಂದೆ

ಸಂಜೆ ನೀರು ತುಂಬಿದ ಚೀಲದಲ್ಲಿ ಮೀನು ಹಾಕಿ ಸಾಲಿನಲ್ಲಿ ನಿಲ್ಲಬೇಕು. ಸಾಲು ಉದ್ದವಿದ್ದರೆ ಚೀಲವನ್ನು ಆಮ್ಲಜನಕದ ತೊಟ್ಟಿಯಲ್ಲಿ ಇಳಿಸಿಡಿ. ಉದ್ದ ನೋಡುತ್ತಾರೆ, ಜೀವ ನೋಡುತ್ತಾರೆ, ತೂಗುತ್ತಾರೆ. ನನ್ನ ಮೊದಲ ದಿನದ್ದು ಮೂರು ಮೀನು, ಒಟ್ಟು ಐದು ಪೌಂಡ್ ಚಿಲ್ಲರೆ. ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಸ್ಥಾನ.

ಮೋಸದ ಯೋಚನೆ ಯಾರಿಗಾದರೂ ಬಂದರೆ ಒಂದು ವಿಷಯ ಗೊತ್ತಿರಲಿ. 2022ರ ಸೆಪ್ಟೆಂಬರ್‌ನಲ್ಲಿ ಓಹಾಯೊದ ಕ್ಲೀವ್‌ಲ್ಯಾಂಡಿನಲ್ಲಿ, ಬ್ಯಾಸ್ ಅಲ್ಲ, ವಾಲ್‌ಐ ಮೀನಿನ ಟೂರ್ನಿಯೊಂದರಲ್ಲಿ ಗೆದ್ದ ಮೀನುಗಳ ಹೊಟ್ಟೆ ಸೀಳಿದಾಗ ಸೀಸದ ಗುಂಡುಗಳು ಉದುರಿದವು. ಅವನ್ನು ತಂದಿದ್ದ ಇಬ್ಬರಿಗೂ 10 ದಿನ ಜೈಲಾಯಿತು, ದೋಣಿಯೂ ಹೋಯಿತು. ದೊಡ್ಡ ಬಹುಮಾನದ ಟೂರ್ನಿಗಳಲ್ಲಿ ಗೆದ್ದವರನ್ನು ಸುಳ್ಳುಪತ್ತೆ ಯಂತ್ರದ ಮುಂದೆ ಕೂರಿಸುವುದೂ ಇದೆ.

ಬಹುಮಾನ ಹಂಚಿದ ಮೇಲೂ ಕೆಲಸ ಉಳಿದಿರುತ್ತದೆ. ದೋಣಿ ಮೇಲೆ ಬಂದಮೇಲೆ ಅಂಟಿದ ಜೊಂಡು ಕೀಳಲು, ತೊಟ್ಟಿ ಬರಿದು ಮಾಡಲು ದೋಣಿಯವರಿಗೆ ಕೈ ಜೋಡಿಸಿ. ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹರಡದಿರಲಿ ಎಂದು, ಕೆರೆ ಬಿಡುವ ಮುನ್ನ ದೋಣಿಯ ನೀರೆಲ್ಲ ಹೊರಹಾಕಬೇಕು ಎಂಬುದು ಟೆಕ್ಸಾಸ್‌ನ ಕಾನೂನು. ಅದಕ್ಕೆ ದೋಣಿಯ ತಳದ ಬಿರಡೆ ಬಿಚ್ಚುತ್ತಾರೆ. ಆ ಬಿರಡೆ ಎಲ್ಲಿಟ್ಟರು ಎಂದು ನೋಡಿಕೊಳ್ಳಿ. ಮುಂದಿನ ಟೂರ್ನಿಯ ಬೆಳಗ್ಗೆ ಕತ್ತಲಲ್ಲಿ ಅದನ್ನು ಹಾಕಲು ಮರೆತು ದೋಣಿ ಇಳಿಸುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. "ಬಿರಡೆ ಹಾಕಿದ್ರಾ?" ಎಂದು ಕೇಳಿದ ಕೋ-ಆಂಗ್ಲರ್‌ನನ್ನು ಯಾವ ಬೋಟರ್ ಕೂಡ ಮರೆಯುವುದಿಲ್ಲ.