ಅರಮನೆ ದೀಪದ ಫೋಟೊಗೆ ಜೂನ್ ಸಂಜೆಯೇ ಸರಿ

ಮೈಸೂರು ಅರಮನೆಯ ದೀಪ ಅಂದರೆ ಎಲ್ಲರಿಗೂ ದಸರಾ. ನಾನು ಕ್ಯಾಮೆರಾ ಹಿಡಿದು ಹೋಗುವುದು ಮಾತ್ರ ಜೂನ್, ಜುಲೈನಲ್ಲಿ. ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ದೀಪ ಹತ್ತುವುದು ಸಂಜೆ 7ಕ್ಕೆ, ಆರುವುದು 7.45ಕ್ಕೆ. ಅಕ್ಟೋಬರ್‌ನಲ್ಲಿ ಸೂರ್ಯ ಮುಳುಗುವುದು 6.10ರ ಆಸುಪಾಸು, 7ಕ್ಕೆಲ್ಲ ಆಕಾಶ ಕಪ್ಪು, ಬಲ್ಬು ಬಿಟ್ಟರೆ ಫೋಟೊದಲ್ಲಿ ಏನೂ ಉಳಿಯುವುದಿಲ್ಲ. ಜೂನ್ ಕೊನೆಯಲ್ಲಿ ಮುಳುಗುವುದು 6.50 ದಾಟಿದ ಮೇಲೆ. ಅರಮನೆಯ ಮುಖ ಪೂರ್ವಕ್ಕೆ. ಹಾಗಾಗಿ ಪೂರ್ವದ ಜಯಮಾರ್ತಾಂಡ ದ್ವಾರದ ಕಡೆ ನಿಂತವರಿಗೆ ಗೋಪುರದ ಹಿಂದೆ ಪಡುವಣದ ಬೆಳಕು ಇನ್ನೂ ಇರುತ್ತದೆ. 7.10ರಿಂದ 7.20ರೊಳಗೆ ಆಕಾಶದ ನೀಲಿ, ಬಲ್ಬಿನ ಹಳದಿ ಎರಡೂ ಸಮಕ್ಕೆ ಬರುತ್ತವೆ. ಮಾಡುವುದೆಲ್ಲ ಆ ಹತ್ತು ನಿಮಿಷಕ್ಕಾಗಿ. ಮೋಡ ಕವಿದಿದ್ದರೆ ಬೇಜಾರು ಬೇಡ, ತೆಳು ಮೋಡವೂ ನೀಲಿಯಾಗಿಯೇ ಬರುತ್ತದೆ. ಮಳೆ ನಿಂತಿದ್ದರಂತೂ ನೆಲದ ನೀರಲ್ಲಿ ಇನ್ನೊಂದು ಅರಮನೆ ಸಿಗುತ್ತದೆ.

6.30ಕ್ಕೇ ಜಾಗ ಹಿಡಿದು, ಬೆಳಕಿರುವಾಗಲೇ ಗೋಪುರದ ಅಂಚಿಗೆ ಫೋಕಸ್ ಮಾಡಿ, ಅದು ಮತ್ತೆ ತಾನಾಗಿ ಬದಲಾಗದ ಹಾಗೆ ಮ್ಯಾನ್ಯುಯಲ್‌ಗೆ ತಿರುಗಿಸಿಡುತ್ತೇನೆ. ಕ್ಯಾಮೆರಾ ಮಟ್ಟ ನೋಡಿಕೊಳ್ಳುವುದೂ ಆಗಲೇ. ಬಲ್ಬಿನ ಸಾಲುಗಳು ನೂಲು ಹಿಡಿದ ಹಾಗಿರುವುದರಿಂದ ಒಂದು ಡಿಗ್ರಿ ವಾಲಿದರೂ ಕಣ್ಣಿಗೆ ಹೊಡೆಯುತ್ತದೆ.

ಟ್ರೈಪಾಡ್ (ಮೂರು ಕಾಲಿನ ಸ್ಟ್ಯಾಂಡ್) ಮೇಲೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು), ಶಟರ್ ತೆರೆದಿರುವ ಹೊತ್ತು 2 ಸೆಕೆಂಡ್, ಇಲ್ಲಿಂದ ಶುರು ಮಾಡಿ, ತೆರೆಯಲ್ಲಿ ಬಲ್ಬಿನ ಸಾಲು ಹಿಗ್ಗಿಸಿ ನೋಡುತ್ತೇನೆ. ಬಲ್ಬುಗಳು ಬಿಡಿಬಿಡಿಯಾಗಿ ಕಾಣಬೇಕು. ಕೂಡಿಕೊಂಡು ಬಿಳಿ ಪಟ್ಟಿಯಾಗಿದ್ದರೆ ಬೆಳಕು ಹೆಚ್ಚಾಯಿತು, 1 ಸೆಕೆಂಡ್‌ಗೆ ಇಳಿಸಿ. ಆಟೊ ಮೋಡ್ ಮೋಸ ಮಾಡುವುದು ಇಲ್ಲೇ: ಕತ್ತಲ ಆಕಾಶ ನೋಡಿ ಬೆಳಕು ಸಾಲದು ಎಂದುಕೊಂಡು ಫೋಟೊದಲ್ಲಿ ಬಲ್ಬುಗಳನ್ನು ಬರೀ ಬಿಳಿಯಾಗಿ ಸುಟ್ಟುಬಿಡುತ್ತದೆ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 3200 ಕೆಲ್ವಿನ್ ಇಟ್ಟರೆ ಹಳದಿ ಹದವಾಗಿದ್ದು ಆಕಾಶದ ನೀಲಿ ಗಾಢವಾಗುತ್ತದೆ. ನಕ್ಷತ್ರದಂತೆ ಕಿರಣ ಬರಲಿ ಎಂದು ಎಫ್/16ಕ್ಕೆ ಹೋಗುವವರಿದ್ದಾರೆ. ಒಂದೆರಡು ಬೀದಿದೀಪಕ್ಕೆ ಅದು ಚೆಂದ. ಲಕ್ಷದ ಹತ್ತಿರ ಬಲ್ಬಿರುವ ಕಡೆ ಬರೀ ಗಲಿಬಿಲಿ.

ಲೆನ್ಸ್ ಮುಂದಿನ ಯುವಿ ಫಿಲ್ಟರ್ (ಲೆನ್ಸಿನ ರಕ್ಷಣೆಗೆ ಹಾಕುವ ಗಾಜು) ಬಿಚ್ಚಿಡಿ. ಬಿಚ್ಚದಿದ್ದರೆ ಬಲ್ಬಿನ ಬೆಳಕು ಕ್ಯಾಮೆರಾ ಒಳಗೆ ಚಿತ್ರ ಹಿಡಿಯುವ ಸೆನ್ಸರ್‌ಗೆ ಬಡಿದು, ವಾಪಸ್ ಫಿಲ್ಟರ್‌ಗೆ ತಾಗಿ, ಆಕಾಶದಲ್ಲಿ ತಲೆಕೆಳಗಾದ ಮಂಕು ಚುಕ್ಕಿಗಳ ಸಾಲು ಮೂಡುತ್ತದೆ. ಚುಕ್ಕಿಯಿಂದ ಚಿತ್ರದ ನಡುವಿಗೊಂದು ಗೆರೆ ಎಳೆದು ಅಷ್ಟೇ ದೂರ ಮುಂದುವರಿಸಿದರೆ ಅದರ ಮೂಲ ಬಲ್ಬು ಸಿಗುತ್ತದೆ. ಮನೆಗೆ ಬಂದು ಒಂದೊಂದಾಗಿ ಅಳಿಸುವ ಕೆಲಸ ಶತ್ರುವಿಗೂ ಬೇಡ. ಸ್ಟ್ಯಾಂಡ್ ಮೇಲಿದ್ದಾಗ ಲೆನ್ಸಿನ ಅಲುಗಾಟ ತಡೆಯುವ ಸ್ಟೆಬಿಲೈಸರ್ ಆಫ್ ಇರಲಿ, ಶಟರ್ ಒತ್ತುವುದಕ್ಕೆ 2 ಸೆಕೆಂಡ್ ಟೈಮರ್ ಸಾಕು.

ಟ್ರೈಪಾಡ್ ಒಳಗೆ ತರಬಹುದೇ ಎಂದು ಗೇಟಿನಲ್ಲೇ ಕೇಳಿಕೊಳ್ಳಿ. ಬೇಡ ಅಂದರೆ ವಾದಕ್ಕೆ ನಿಂತು ಆ ಹತ್ತು ನಿಮಿಷ ಕಳೆದುಕೊಳ್ಳಬೇಡಿ: ಎಫ್/2.8, ಐಎಸ್‌ಒ 800, 1/30 ಸೆಕೆಂಡ್. ಬೆಳಕಿನ ಲೆಕ್ಕ ಟ್ರೈಪಾಡ್ ಮೇಲಿನ 2 ಸೆಕೆಂಡ್‌ನದ್ದೇ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಬಿಡುತ್ತಾ ನಾಲ್ಕೈದು ಸಲ ತೆಗೆದರೆ ಒಂದಾದರೂ ಅಲುಗದೆ ಬರುತ್ತದೆ.

7.20 ಆದಮೇಲೆ ನಾನು ಅರಮನೆಗೆ ಬೆನ್ನು ತಿರುಗಿಸುತ್ತೇನೆ. ಅಷ್ಟು ಬಲ್ಬಿನ ಬೆಳಕು ಈಗ ಜನರ ಮುಖದ ಮೇಲೆ ಮೆತ್ತಗೆ ಬಿದ್ದಿರುತ್ತದೆ, ಫ್ಲ್ಯಾಶ್ ಬೇಡವೇ ಬೇಡ. ಐಎಸ್‌ಒ 3200ಕ್ಕೆ ಏರಿಸಿ, ಶಟರ್ 1/100 ಸೆಕೆಂಡ್‌ಗಿಂತ ನಿಧಾನ ಮಾಡಬೇಡಿ. ಹೆಗಲ ಮೇಲಿನ ಮಕ್ಕಳು ಸುಮ್ಮನಿರುವುದಿಲ್ಲ. ಮೊಬೈಲ್ ಎತ್ತಿ ಹಿಡಿದವರ ಮುಖಕ್ಕೆ ತೆರೆಯ ನೀಲಿ ಬಡಿಯುತ್ತದೆ, ಅವರು ಕೈ ಇಳಿಸುವವರೆಗೆ ಕಾಯಿರಿ, ಆಮೇಲೆ ಅವರ ಒಪ್ಪಿಗೆ ಕೇಳಿ ತೆಗೆಯಿರಿ.