ಗ್ರಾಫ್ ಹಾಳೆಯ ಮೇಲೆ ಸಂತೆ ಲೆಕ್ಕ

ಹೈಸ್ಕೂಲಿಗೆ ಗಣಿತ ಟೀಚರಾಗಿ ಬಂದ ಹೊಸದರಲ್ಲಿ ಸಮೀಕರಣಕ್ಕೆ ನಕ್ಷೆ (ಗ್ರಾಫ್) ಎಳೆಯುವ ಪಾಠವನ್ನು ಎರಡೇ ಪೀರಿಯಡ್‌ನಲ್ಲಿ ಮುಗಿಸುತ್ತಿದ್ದೆ. ಎಕ್ಸ್, ವೈಗೆ ಎರಡು ಜೋಡಿ ಬೆಲೆ ಕಂಡುಹಿಡಿಯಿರಿ, ಎರಡು ಚುಕ್ಕಿ ಇಡಿ, ಸ್ಕೇಲ್ ಇಟ್ಟು ಗೆರೆ ಎಳೆಯಿರಿ. ಮಕ್ಕಳು ಎಳೆಯುತ್ತಿದ್ದರು, ಅಂಕವೂ ಬರುತ್ತಿತ್ತು. ಆದರೆ ಈ ಗೆರೆ ಏನು ಹೇಳುತ್ತದೆ ಅಂತ ಕೇಳಿದರೆ ಎಲ್ಲರೂ ತಲೆ ತಗ್ಗಿಸುತ್ತಿದ್ದರು.

ಆಮೇಲೆ ನಾನು ಸಂತೆಯಿಂದ ಶುರು ಮಾಡಿದೆ. ಈರುಳ್ಳಿ ಕಿಲೋಗೆ 40 ರೂಪಾಯಿ, ಟೊಮ್ಯಾಟೊ 20. ಕೈಯಲ್ಲಿ 160 ರೂಪಾಯಿ ಇದೆ, ಎಲ್ಲವನ್ನೂ ಖರ್ಚು ಮಾಡಬೇಕು. ಯಾವುದು ಎಷ್ಟು ತರುತ್ತೀರಿ? ಇಡೀ ಕ್ಲಾಸು ಉತ್ತರ ಹೇಳಿತು. ಈರುಳ್ಳಿ 1 ಕಿಲೋ, ಟೊಮ್ಯಾಟೊ 6. ಈರುಳ್ಳಿ 2, ಟೊಮ್ಯಾಟೊ 4. ಈರುಳ್ಳಿ ಬೇಡವೇ ಬೇಡ ಅಂದರೆ ಟೊಮ್ಯಾಟೊ 8. ಈರುಳ್ಳಿಗೆ ಎಕ್ಸ್, ಟೊಮ್ಯಾಟೊಗೆ ವೈ ಅಂತ ಹೆಸರಿಟ್ಟು, ಎಲ್ಲವನ್ನೂ 20ರಿಂದ ಭಾಗಿಸಿದಾಗ 2ಎಕ್ಸ್ + ವೈ = 8 ಸಿಕ್ಕಿತು. ಸಮೀಕರಣ ಬಂದದ್ದು ಕೊನೆಗೆ.

ಚುಕ್ಕಿಗಳನ್ನು ಇಟ್ಟರು. ಎಲ್ಲವೂ ಒಂದೇ ಸಾಲಿನಲ್ಲಿ ನಿಂತವು. ಗೆರೆ ಎಳೆಯುವ ಮುಂಚೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಒಂದೂವರೆ ಕಿಲೋ ಈರುಳ್ಳಿ ತಂದರೆ?" ಲೆಕ್ಕ ಮಾಡಿದೆವು. ಈರುಳ್ಳಿಗೆ 60 ಹೋಯಿತು, ಉಳಿದ 100ಕ್ಕೆ ಟೊಮ್ಯಾಟೊ 5 ಕಿಲೋ. ಅವಳೇ ಎದ್ದು ಬಂದು ಬೋರ್ಡಿನ ಮೇಲೆ ಚುಕ್ಕಿ ಇಟ್ಟಳು. ಅದೂ ಅದೇ ಸಾಲಿನಲ್ಲೇ, 1 ಮತ್ತು 2ರ ನಡುವೆ ಕೂತಿತು. ಕಾಲು ಕಿಲೋ, ಮುಕ್ಕಾಲು ಕಿಲೋ ಅಂತ ಉಳಿದವರು ಕೂಗತೊಡಗಿದರು. ಚುಕ್ಕಿ ಇಡುತ್ತಾ ಹೋದರೆ ಮುಗಿಯುವುದೇ ಇಲ್ಲ, ಅದಕ್ಕೇ ಗೆರೆ ಅಂತ ಅವತ್ತು ನಾನು ಹೇಳಬೇಕಾಗಲಿಲ್ಲ. ಗೆರೆಯನ್ನು ಇನ್ನೂ ಕೆಳಕ್ಕೆ ಎಳೆದರೆ ಎಕ್ಸ್ 5, ವೈ ಮೈನಸ್ 2. ಸಮೀಕರಣಕ್ಕೆ ಅದು ಸರಿ, ಸಂತೆಯಲ್ಲಿ ಮೈನಸ್ 2 ಕಿಲೋ ಟೊಮ್ಯಾಟೊ ಸಿಗುವುದಿಲ್ಲ, ಅಲ್ವಾ? ಈ ವ್ಯತ್ಯಾಸವನ್ನೂ ಅಲ್ಲೇ ಮಾತಾಡಿದೆವು.

(2, 4) ಇಡಬೇಕಾದಲ್ಲಿ (4, 2) ಇಡುವ ತಪ್ಪು ಜಾಸ್ತಿ. ಈಗ ಅದನ್ನು ದುಡ್ಡಿನಲ್ಲೇ ಹಿಡಿಯುತ್ತಾರೆ. 4 ಕಿಲೋ ಈರುಳ್ಳಿ, 2 ಕಿಲೋ ಟೊಮ್ಯಾಟೊ ಅಂದರೆ 200 ರೂಪಾಯಿ, ನಮ್ಮ ಹತ್ತಿರ ಅಷ್ಟಿಲ್ಲ.

ನಾನು ಬದಲಾಯಿಸಿದ ಇನ್ನೊಂದು ವಿಷಯ ಮೂರನೇ ಚುಕ್ಕಿ. ಎರಡು ಚುಕ್ಕಿ ಎಲ್ಲಿದ್ದರೂ ಗೆರೆ ಬಂದೇ ಬರುತ್ತದೆ, ತಪ್ಪಿದ್ದರೂ ಗೊತ್ತಾಗುವುದಿಲ್ಲ. ಒಮ್ಮೆ 2ಎಕ್ಸ್ − ವೈ = 4 ಕೊಟ್ಟಿದ್ದೆ. ಎಕ್ಸ್ 0 ಆದಾಗ ವೈ ಮೈನಸ್ 4 ಬರಬೇಕು. ಒಬ್ಬ ಹುಡುಗ 4 ಅಂತ ಬರೆದಿದ್ದ. ಉಳಿದ ಎರಡು, (2, 0) ಮತ್ತು (4, 4), ಸರಿಯಾಗಿಯೇ ಇದ್ದವು. ಮೂರನ್ನೂ ಸೇರಿಸಿದಾಗ ಹಾಳೆಯ ಮೇಲೆ ಇಂಗ್ಲಿಷಿನ 'ವಿ' ಅಕ್ಷರ ಮೂಡಿತು. ನನ್ನನ್ನು ಕರೆಯದೆ ತಾನೇ ರಬ್ಬರ್ ತೆಗೆದುಕೊಂಡ.

ಜೋಡಿ ಸಮೀಕರಣಕ್ಕೆ ಬಂದಾಗ ಸಂತೆಗೆ ಒಂದು ಚೀಲ ಸೇರಿಸಿದೆ. ಎರಡೂ ಸೇರಿ ಸರಿಯಾಗಿ 5 ಕಿಲೋ ಇರಬೇಕು: ಎಕ್ಸ್ + ವೈ = 5. ಅದೇ ಹಾಳೆಯ ಮೇಲೆ ಎರಡನೇ ಗೆರೆ ಎಳೆದರು. ಎರಡೂ (3, 2)ರಲ್ಲಿ ಕೂಡಿದವು. ಒಂದೂವರೆ ಕಿಲೋ ಕೇಳಿದ್ದ ಹುಡುಗಿ ಹಾಳೆಯ ಅಂಚಿನಲ್ಲಿ ಸಣ್ಣದಾಗಿ ಬರೆದುಕೊಂಡಳು: 120 + 40 = 160.