ಖಾಲಿ ಬಾಟಲಿಯಿಂದ ಕೊರಳ ಸರದವರೆಗೆ

ಡಿಸೈನ್ ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಹುಡುಗಿ ಘಾನಾದ ಅಕ್ರಾದಲ್ಲಿ ತನ್ನದೇ ಒಡವೆ ಬ್ರ್ಯಾಂಡ್ ಕಟ್ಟಬೇಕು ಅಂದುಕೊಂಡಿದ್ದಾಳೆ ಅನ್ನಿ. ಚಿನ್ನ ಕೊಳ್ಳಲು ದುಡ್ಡಿಲ್ಲ. ಕೈಯಲ್ಲಿ ಆಸೆ ಮಾತ್ರ ಇದೆ. ಎಲ್ಲಿಂದ ಶುರು ಮಾಡಬೇಕು?

ನನ್ನನ್ನು ಕೇಳಿದರೆ, ಸ್ಕೆಚ್ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಟ್ಟು ಒಡುಮಾಸೆ ಕ್ರೋಬೊಗೆ ಬಸ್ಸು ಹತ್ತಬೇಕು. ಅಕ್ರಾದ ಈಶಾನ್ಯಕ್ಕಿರುವ ಈ ಊರಿನವರು ಹಳೆಯ ಬಾಟಲಿಯ ಗಾಜಿನಿಂದ ಮಣಿ ಮಾಡುತ್ತಾರೆ. ಪಕ್ಕದ ಅಗೊಮಾನ್ಯದಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ಕೊಫೊರಿಡುವಾದಲ್ಲಿ ಗುರುವಾರ ಮಣಿಗಳದ್ದೇ ಸಂತೆ. ನಾಲ್ಕೈದು ವಾರ ಸುಮ್ನೆ ಸುತ್ತಬೇಕು. ಯಾವ ಮಣಿ ಯಾವಾಗ ಹಾಕುತ್ತಾರೆ ಎಂದು ಮಾರುವ ಅಮ್ಮಂದಿರನ್ನೇ ಕೇಳಬೇಕು. ಇಲ್ಲಿನ ಕ್ರೋಬೊ ಜನಾಂಗದ ಹುಡುಗಿಯರು ದೊಡ್ಡವರಾದಾಗ ನಡೆಯುವ ‘ಡಿಪೊ’ ಶಾಸ್ತ್ರದಲ್ಲಿ ಮೈತುಂಬ ಮಣಿ ಹಾಕುತ್ತಾರೆ. ನಮ್ಮಲ್ಲಿ ಮಗುವಿಗೆ ಉಡಿದಾರ ಕಟ್ಟುವ ಹಾಗೆ ಘಾನಾದಲ್ಲಿ ಸೊಂಟಕ್ಕೆ ಮಣಿಸರ ಕಟ್ಟುತ್ತಾರೆ. ಸರ ಬಿಗಿಯಾದರೆ ಮಗು ಮೈತುಂಬಿಕೊಂಡಿದೆ ಎಂದು ತಾಯಿಗೆ ಗೊತ್ತಾಗುತ್ತದೆ. ಇದೆಲ್ಲ ತಿಳಿಯದೆ ಮಾಡಿದ ಒಡವೆ ಬರೀ ಬಣ್ಣದ ಗಾಜು.

ಮುಂದಿನ ಕೆಲಸ ಒಲೆಯ ಪಕ್ಕ ಕೂತು ಕಲಿಯುವುದು. ಇದಕ್ಕೆ ಎಷ್ಟು ದಿನ ಕೊಟ್ಟರೂ ಕಡಿಮೆಯೇ.

ಬಾಟಲಿಗಳನ್ನು ತೊಳೆದು ಬಣ್ಣದ ಪ್ರಕಾರ ಬೇರೆ ಮಾಡಬೇಕು. ಬಿಯರ್ ಬಾಟಲಿ ಹಸಿರು, ಕಂದು ಕೊಡುತ್ತದೆ. ನೀಲಿ ಬಾಟಲಿ ಅಪರೂಪ, ಸಿಕ್ಕಿದರೆ ಎತ್ತಿಡಬೇಕು. ಆಮೇಲೆ ಕಬ್ಬಿಣದ ಒರಳಲ್ಲಿ ಕುಟ್ಟಿ ಜರಡಿ ಹಿಡಿಯಬೇಕು, ಹಿಟ್ಟಿನಷ್ಟು ನುಣ್ಣಗೆ. ಮೂಗಿಗೆ ಮಾಸ್ಕ್ ಇರಲೇಬೇಕು. ಗಾಜಿನ ದೂಳು ಎದೆಗೆ ಒಳ್ಳೆಯದಲ್ಲ.

ಅಚ್ಚು ನೋಡಿದರೆ ನಮಗೆ ಪಡ್ಡಿನ ಹಂಚು ನೆನಪಾಗುತ್ತದೆ. ಜೇಡಿಮಣ್ಣಿನ ಬಿಲ್ಲೆ, ಅದರ ತುಂಬ ಪುಟ್ಟ ಪುಟ್ಟ ಕುಳಿ. ಗಾಜು ಅಂಟದಿರಲಿ ಎಂದು ಕುಳಿಗಳಿಗೆ ಬಿಳಿ ಮಣ್ಣಿನ ನೀರು ಬಳಿಯುತ್ತಾರೆ. ಪ್ರತಿ ಕುಳಿಯ ನಡುವೆ ಮರಗೆಣಸಿನ ಎಲೆಯ ತೊಟ್ಟಿನ ಚೂರೊಂದನ್ನು ನೆಟ್ಟು ಸುತ್ತ ಗಾಜಿನ ಪುಡಿ ತುಂಬುತ್ತಾರೆ. ಬಣ್ಣದ ಪುಡಿಯನ್ನು ಪದರ ಪದರವಾಗಿ ಹಾಕಿದರೆ ಪಟ್ಟೆ ಬರುತ್ತದೆ. ಬೆಂಕಿಯಲ್ಲಿ ತೊಟ್ಟು ಸುಟ್ಟುಹೋಗುತ್ತದೆ, ದಾರ ಪೋಣಿಸುವ ತೂತು ಉಳಿಯುತ್ತದೆ. ಎಷ್ಟು ಜಾಣ ಉಪಾಯ ಅಲ್ವಾ? ಒಲೆಯನ್ನು ಕಟ್ಟುವುದು ಹುತ್ತದ ಮಣ್ಣಿನಿಂದ. ಶಾಖ ಸುಮಾರು 800 ಡಿಗ್ರಿ ಸೆಲ್ಸಿಯಸ್. ಗಾಜು ಕೆಂಪಗೆ ಮೆತ್ತಗಾದಾಗ ಅಚ್ಚನ್ನು ಹೊರಗೆಳೆದು, ಕಬ್ಬಿಣದ ಕಡ್ಡಿಯಿಂದ ಮಣಿಯನ್ನು ತಿರುಗಿಸಿ ದುಂಡಗೆ ಮಾಡುತ್ತಾರೆ. ಆರಿದ ಮೇಲೆ ಕಲ್ಲಿನ ಮೇಲೆ ಮರಳು, ನೀರು ಹಾಕಿ ಉಜ್ಜುತ್ತಾರೆ. ಹೊಳಪು ಬರುವುದು ಇಲ್ಲೇ.

ಬೇರೆ ಬೇರೆ ಬಗೆಯ ಗಾಜನ್ನು ಒಂದೇ ಮಣಿಯಲ್ಲಿ ಬೆರೆಸುವಾಗ ಜೋಪಾನ. ಎರಡೂ ಆರುವಾಗ ಒಂದೇ ಅಳತೆಗೆ ಕುಗ್ಗದಿದ್ದರೆ ಮಣಿ ಬಿರುಕು ಬಿಡುತ್ತದೆ. ಬಣ್ಣದ ಪುಡಿ ಕೊಳ್ಳುವಾಗ ಸೀಸ, ಕ್ಯಾಡ್ಮಿಯಂ ಇಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಬೇಕು.

ಈಗ ಸ್ಕೆಚ್ ಪುಸ್ತಕ ತೆರೆಯಬಹುದು. ಈ ತಿಂಗಳು ಹಸಿರು ಬಾಟಲಿ ಜಾಸ್ತಿ ಸಿಕ್ಕಿದ್ದರೆ ಈ ತಿಂಗಳ ಸರ ಹಸಿರೇ ಆಗಲಿ. ಮೊದಲ ವರ್ಷಕ್ಕೆ ಐದಾರು ವಿನ್ಯಾಸ ಸಾಕು. ಪದಕ ಬೇಕೆನಿಸಿದರೆ ಕುಮಾಸಿ ನಗರದ ಬಳಿ ಅಸಾಂಟೆ ಜನಾಂಗದ ಎರಕದವರಿದ್ದಾರೆ. ಜೇನುಮೇಣದಲ್ಲಿ ಆಕಾರ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಹಳೆಯ ನಲ್ಲಿ, ಬೀಗಗಳ ಹಿತ್ತಾಳೆ ಸುರಿಯುತ್ತಾರೆ. ಅಚ್ಚು ಒಡೆದೇ ತೆಗೆಯಬೇಕಾದ್ದರಿಂದ ಪ್ರತಿ ಪದಕವೂ ಒಂದೇ ಒಂದು.

ಬೆಲೆ ಕಟ್ಟುವಾಗ ಹೆಚ್ಚಿನವರು ಎಡವುತ್ತಾರೆ. ಬಾಟಲಿ ಪುಕ್ಕಟೆ ಸಿಕ್ಕಿತೆಂದು ಮಣಿ ಅಗ್ಗ ಅಂದುಕೊಳ್ಳುತ್ತಾರೆ. ಕುಟ್ಟಿದವರ ಕೂಲಿ, ಉಜ್ಜಿದವರ ಕೂಲಿ, ಸೌದೆ, ಒಡೆದ ಮಣಿ, ಪೋಣಿಸುವ ಹೊತ್ತು, ಬಸ್ ಚಾರ್ಜು ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಬೇಕು. ಮಣಿ ಮಾಡಿದವರ ಜೊತೆ ಚೌಕಾಸಿ ಮಾಡಿ ಉಳಿಸಿದ ದುಡ್ಡಿನ ಮೇಲೆ ಬ್ರ್ಯಾಂಡ್ ನಿಲ್ಲಿಸಬಾರದು. ಅರ್ಧ ಹಣ ಮುಂಗಡ ಕೊಡಿ. ಅವರು ಒಪ್ಪಿದರೆ ಒಡವೆಗೆ ಕಟ್ಟುವ ಚೀಟಿಯಲ್ಲಿ ಅವರ ಹೆಸರು ಹಾಕಿ.

ಚೀಟಿಯಲ್ಲಿ ನಿಜವನ್ನೇ ಬರೆಯಬೇಕು. ಗಾಜು ಹಳೆಯದು, ಕೊಂಡಿ ಹೊಸದು ಎಂದಿರಲಿ. ಒಲೆಗೆ ಸೌದೆ ಉರಿಸುತ್ತೇವೆ ಎಂಬುದನ್ನೂ ಮುಚ್ಚಿಡಬೇಡಿ. ಎಣ್ಣೆ ತೆಗೆದ ಮೇಲೆ ಉಳಿಯುವ ತಾಳೆ ಬೀಜದ ಚಿಪ್ಪನ್ನು ಉರುವಲಿಗೆ ಬಳಸಿದರೆ ಮರ ಉಳಿಯುತ್ತದೆ.

ಗಾಜಿನ ಮಣಿ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ದಾರ ಬರುವುದಿಲ್ಲ. ಆದ್ದರಿಂದ ಗಟ್ಟಿ ಹತ್ತಿ ದಾರಕ್ಕೆ ಮೇಣ ಹಚ್ಚಿ, ಮಣಿ ಮಣಿಗೂ ಗಂಟು ಹಾಕಿ ಪೋಣಿಸಬೇಕು. ದಾರ ಹರಿದರೂ ಒಂದೇ ಮಣಿ ಬೀಳುತ್ತದೆ. ಮೊದಲ ಸರ ಮಾರುವ ದಿನವೇ, ದಾರ ಸವೆದಾಗ ತಂದುಕೊಡಿ, ಮತ್ತೆ ಪೋಣಿಸಿ ಕೊಡುತ್ತೇವೆ ಎಂದು ಹೇಳಿ ಕಳಿಸಬೇಕು.